ಪ್ಯಾಕ್ ಆದದ್ದನ್ನೇ ಟೆಸ್ಟ್ ಮಾಡಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬೇರೆಯವರ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಮ್ ಆಗಿ ಕಟ್ಟುವ ಕೆಲಸ) ಒಳಗೆ ಹೋಗಿ ಕೆಲಸ ಮಾಡುವ ಪ್ಯಾಕೇಜ್‌ಗಳ ವಿಷಯ. ಕೆಲವು ಕೋಡ್ ಬರೆದುಕೊಡುತ್ತವೆ, ಕೆಲವು ಫೈಲ್ ನಕಲು ಮಾಡುತ್ತವೆ, ಕೆಲವು ಕಂಪೈಲ್‌ಗೆ ಮೊದಲು ಏನಾದರೂ ತಪಾಸಣೆ ಮಾಡುತ್ತವೆ. ಬಿಲ್ಡ್ ಟೀಮ್‌ನಲ್ಲೇ ದಿನ ಕಳೆಯುವವಳು ನಾನು, ಹಾಗಾಗಿ ಇವನ್ನೆಲ್ಲ ಒಟ್ಟಿಗೆ ಉತ್ತರಿಸುವ ಆಸೆ ಆಯಿತು. ಮೊದಲ ಉತ್ತರ ಉದ್ದವಾಗಿದೆ. ಉಳಿದವು ಅದರ ಮೇಲೆ ನಿಂತಿವೆ, ಆದ್ದರಿಂದ ಅದನ್ನು ಬಿಡದೆ ಓದಿ.

ಪ್ರಶ್ನೆ: ನಮ್ಮ ಆ್ಯಪ್‌ಗಳಲ್ಲಿ ಪರದೆಯ ಮೇಲೆ ಬರುವ ಕನ್ನಡ, ಇಂಗ್ಲಿಷ್ ಮಾತುಗಳನ್ನೆಲ್ಲ ಒಂದು ಪಠ್ಯ ಫೈಲ್‌ನಲ್ಲಿ ಇಡುತ್ತೇವೆ. ಅದನ್ನು ಓದಿ ಸಿ ಶಾರ್ಪ್ ಕ್ಲಾಸ್ ಬರೆದುಕೊಡುವ ನುಗೆಟ್ (ಡಾಟ್‌ನೆಟ್‌ನ ಪ್ಯಾಕೇಜ್ ವ್ಯವಸ್ಥೆ) ಪ್ಯಾಕೇಜ್ ಒಂದನ್ನು ಮಾಡಿದ್ದೇನೆ. ಕಂಪೈಲ್‌ಗೆ ಮೊದಲೇ ಅದು ಓಡಬೇಕು. ಯೂನಿಟ್ ಟೆಸ್ಟ್‌ಗಳೆಲ್ಲ ಪಾಸ್. ನಮ್ಮ ಸೊಲ್ಯೂಷನ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಪಕ್ಕದ ತಂಡದವರು ಪ್ಯಾಕೇಜ್ ಹಾಕಿಕೊಂಡರೆ ಮಾತ್ರ ಆ ಕ್ಲಾಸ್ ಇಲ್ಲ ಎಂದು ಕಂಪೈಲರ್ ಹೇಳುತ್ತದೆ. ನನ್ನ ಪ್ಯಾಕೇಜಿನಿಂದ ಒಂದು ವಾರ್ನಿಂಗ್ ಕೂಡ ಬರುವುದಿಲ್ಲ. ಇಂಥದ್ದನ್ನು ಟೆಸ್ಟ್ ಮಾಡುವುದು ಹೇಗೆ?
— ಓದುಗರು, ಮೈಸೂರು

ಉತ್ತರ: ನಿಮ್ಮ ಸೊಲ್ಯೂಷನ್‌ನಲ್ಲಿ ಟಾರ್ಗೆಟ್ಸ್ ಫೈಲನ್ನು (ಬಿಲ್ಡ್‌ನಲ್ಲಿ ಓಡಬೇಕಾದ ಹೆಜ್ಜೆಗಳನ್ನು, ಅಂದರೆ ಟಾರ್ಗೆಟ್‌ಗಳನ್ನು, ಬರೆದ ಫೈಲ್) ಇಂಪೋರ್ಟ್ ಸಾಲು ಬರೆದು ನೇರವಾಗಿ ಸೇರಿಸಿಕೊಂಡಿರುತ್ತೀರಿ. ಟಾಸ್ಕ್ (ಟಾರ್ಗೆಟ್ ಕರೆಯುವ ನಿಮ್ಮ ಕೋಡ್) ಇರುವ ಡಿಎಲ್‌ಎಲ್‌ಗೆ ಪ್ರಾಜೆಕ್ಟ್ ರೆಫರೆನ್ಸ್ ಕೊಟ್ಟಿರುತ್ತೀರಿ. ಪಕ್ಕದ ತಂಡಕ್ಕೆ ಈ ಎರಡೂ ಇಲ್ಲ. ಅವರಿಗೆ ಸಿಗುವುದು ಪ್ಯಾಕೇಜ್ ಮಾತ್ರ. ಅಂದರೆ ನೀವು ಇಷ್ಟು ದಿನ ಓಡಿಸಿದ ದಾರಿ ಬೇರೆ, ಅವರು ಬರುವ ದಾರಿ ಬೇರೆ. ಆ ಎರಡನೇ ದಾರಿಯನ್ನು ಯಾರೂ ಟೆಸ್ಟ್ ಮಾಡಿಲ್ಲ.

ಮೊದಲು ಈಗಿನ ತೊಂದರೆ ಬಿಡಿಸೋಣ. ಅವರ ಪ್ರಾಜೆಕ್ಟ್‌ನ ಆಬ್ಜ್ ಫೋಲ್ಡರ್ ತೆರೆದು ನೋಡಿ. ನುಗೆಟ್.ಜಿ.ಪ್ರಾಪ್ಸ್, ನುಗೆಟ್.ಜಿ.ಟಾರ್ಗೆಟ್ಸ್ ಎಂದು ಕೊನೆಯಾಗುವ ಎರಡು ಫೈಲ್ ಇರುತ್ತವೆ. ರಿಸ್ಟೋರ್ ಆಗುವಾಗ, ಅಂದರೆ ಬೇಕಾದ ಪ್ಯಾಕೇಜ್‌ಗಳನ್ನು ತಂದಿಡುವಾಗ, ನುಗೆಟ್ ಬರೆಯುವ ಫೈಲ್‌ಗಳು ಅವು. ಯಾವ ಪ್ಯಾಕೇಜಿನ ಯಾವ ಫೈಲನ್ನು ಬಿಲ್ಡ್‌ಗೆ ಎಳೆದುಕೊಳ್ಳಬೇಕು ಅನ್ನುವುದು ಅಲ್ಲಿ ಸಾಲು ಸಾಲಾಗಿ ಇರುತ್ತದೆ. ನಿಮ್ಮ ಪ್ಯಾಕೇಜ್ ಅಲ್ಲಿ ಇಲ್ಲದಿದ್ದರೆ ನಿಮ್ಮ ಟಾರ್ಗೆಟ್ ಅವರ ಬಿಲ್ಡ್‌ಗೆ ಕಾಲೇ ಇಟ್ಟಿಲ್ಲ.

ಹಾಗಾಗಲು ನಾನು ಜಾಸ್ತಿ ನೋಡಿರುವ ಕಾರಣ ಹೆಸರು. ಪ್ಯಾಕೇಜಿನ ಒಳಗೆ ಬಿಲ್ಡ್ ಎಂಬ ಫೋಲ್ಡರ್‌ನಲ್ಲಿ ಪ್ಯಾಕೇಜ್ ಐಡಿಯ ಹೆಸರೇ ಹೊತ್ತ ಫೈಲ್ ಇದ್ದರೆ ಮಾತ್ರ ನುಗೆಟ್ ಅದನ್ನು ಸೇರಿಸುತ್ತದೆ. ಐಡಿಗೆ ಆಮೇಲೆ ಕಂಪನಿಯ ಹೆಸರು ಸೇರಿಸಿ, ಟಾರ್ಗೆಟ್ಸ್ ಫೈಲಿನ ಹೆಸರು ಹಾಗೇ ಬಿಟ್ಟರೆ ಕಥೆ ಮುಗಿಯಿತು. ಬಳಸುವವರಿಗೆ ಒಂದು ಮಾತೂ ಕಾಣುವುದಿಲ್ಲ. ವಾರ್ನಿಂಗ್ ಬರುವುದು ನಿಮಗೆ, ಪ್ಯಾಕ್ ಮಾಡುವಾಗ, ಎನ್‌ಯು5129 ಎಂಬ ನಂಬರಿನಲ್ಲಿ. ಅದನ್ನು ಎರರ್ ಆಗಿ ಬದಲಾಯಿಸಿಕೊಳ್ಳಿ. ಒಂದು ಸಾಲಿನ ಕೆಲಸ.

ಎರಡನೇ ಕಾರಣ ಹೀಗಿರಬಹುದು. ಅವರು ನಿಮ್ಮ ಪ್ಯಾಕೇಜನ್ನು ನೇರವಾಗಿ ಹಾಕಿಕೊಂಡಿಲ್ಲ, ನಿಮ್ಮದನ್ನು ಬಳಸುವ ಇನ್ನೊಂದು ಲೈಬ್ರರಿ ಹಾಕಿಕೊಂಡಿದ್ದಾರೆ. ಬಿಲ್ಡ್ ಫೋಲ್ಡರ್‌ನಲ್ಲಿ ಇರುವುದು ಹಾಗೆ ಕೈಯಿಂದ ಕೈಗೆ ದಾಟುವುದಿಲ್ಲ. ದಾಟಬೇಕಾದರೆ ಬಿಲ್ಡ್‌ಟ್ರಾನ್ಸಿಟಿವ್ ಎಂಬ ಫೋಲ್ಡರ್ ಬೇಕು. ನುಗೆಟ್ 5.0 ರಿಂದ ಅದು ಇದೆ. ಆದರೆ ಸುಮ್ನೆ ಅಲ್ಲಿಗೂ ಒಂದು ನಕಲು ಹಾಕಬೇಡಿ. ನಿಮ್ಮದು ಕೋಡ್ ಬರೆಯುವ ಪ್ಯಾಕೇಜ್. ಅದನ್ನು ಕೇಳದೇ ಇರುವ ಪ್ರಾಜೆಕ್ಟ್‌ನಲ್ಲಿ ಓಡುವುದು ನ್ಯಾಯವಲ್ಲ.

ಮೂರನೆಯದು ಹುಡುಕಲು ಕಷ್ಟ. ಫೈಲ್ ಸೇರಿರುತ್ತದೆ, ಆದರೆ ನೀವು ಹಾಕಿದ ಷರತ್ತು ನಿಜವಾಗುವುದಿಲ್ಲ. ಪ್ರಾಪ್ಸ್ ಫೈಲ್ (ಸೆಟ್ಟಿಂಗ್‌ಗಳನ್ನು ಇಡುವ ಫೈಲ್) ಸೇರುವುದು ಪ್ರಾಜೆಕ್ಟ್ ಫೈಲಿನ ಮೈ ಓದುವುದಕ್ಕಿಂತ ಮೊದಲು. ಟಾರ್ಗೆಟ್ಸ್ ಫೈಲ್ ಸೇರುವುದು ಅದು ಮುಗಿದ ಮೇಲೆ. ಯಾವ ಡಾಟ್‌ನೆಟ್‌ಗೆ ಬಿಲ್ಡ್ ಆಗಬೇಕು ಎಂದು ಹೇಳುವ ಟಾರ್ಗೆಟ್‌ಫ್ರೇಮ್‌ವರ್ಕ್ ಎಂಬ ಪ್ರಾಪರ್ಟಿ ಬರೆದಿರುವುದು ಪ್ರಾಜೆಕ್ಟ್ ಫೈಲಿನ ಮೈಯಲ್ಲಿ. ಹಾಗಾಗಿ ಪ್ರಾಪ್ಸ್ ಒಳಗೆ ಅದನ್ನು ಕೇಳಿದರೆ ಖಾಲಿ ಸಿಗುತ್ತದೆ. ಆದರೆ ನಿಮ್ಮ ಪ್ರಾಜೆಕ್ಟ್ ಎರಡು ಮೂರು ಫ್ರೇಮ್‌ವರ್ಕ್‌ಗಳಿಗೆ ಬಿಲ್ಡ್ ಆಗುವಂಥದ್ದಾದರೆ, ಒಳಗಿನ ಪ್ರತಿ ಬಿಲ್ಡ್‌ಗೂ ಎಂಎಸ್‌ಬಿಲ್ಡ್ (ಡಾಟ್‌ನೆಟ್‌ನಲ್ಲಿ ಬಿಲ್ಡ್ ಓಡಿಸುವ ಸಾಧನ) ಆ ಹೆಸರನ್ನು ಹೊರಗಿನಿಂದಲೇ ಕೊಟ್ಟಿರುತ್ತದೆ. ಅಲ್ಲಿ ಷರತ್ತು ನಿಜವಾಗುತ್ತದೆ. ನಿಮ್ಮಲ್ಲಿ ನಡೆಯುತ್ತದೆ, ಪಕ್ಕದ ಮೇಜಿನಲ್ಲಿ ನಡೆಯುವುದಿಲ್ಲ ಎಂದಾಗ ನಾನು ಇದನ್ನೂ ಕೇಳುತ್ತೇನೆ: ನಿಮ್ಮ ಪ್ರಾಜೆಕ್ಟ್‌ನಲ್ಲಿ ಫ್ರೇಮ್‌ವರ್ಕ್ ಒಂದೋ, ಹಲವೋ? ಅಂಥ ಷರತ್ತುಗಳನ್ನು ಟಾರ್ಗೆಟ್ಸ್ ಫೈಲಿಗೆ ಸರಿಸಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಈ ಮೂರರಲ್ಲಿ ಯಾವುದೂ ಯೂನಿಟ್ ಟೆಸ್ಟ್‌ಗೆ ಸಿಗುವುದಿಲ್ಲ. ಅದು ನೋಡುವುದು ನಿಮ್ಮ ಫಂಕ್ಷನ್ ಸರಿಯಾದ ಅಕ್ಷರಗಳನ್ನು ಕೊಟ್ಟಿತೇ ಎಂಬುದನ್ನು. ಇಲ್ಲಿ ಕೆಟ್ಟಿರುವುದು ಫೋಲ್ಡರ್, ಹೆಸರು, ಸೇರುವ ಹೊತ್ತು. ಇವನ್ನು ಹಿಡಿಯಲು ಟೆಸ್ಟ್ ಕೂಡ ಬಳಸುವವರ ದಾರಿಯಲ್ಲೇ ಬರಬೇಕು. ಮೊದಲು ಡಾಟ್‌ನೆಟ್ ಪ್ಯಾಕ್ ಓಡಿಸಿ, ಅದು ಕೊಡುವ ನುಪ್ಯಾಕೇಜ್ (.nupkg) ಫೈಲನ್ನು ಒಂದು ಖಾಲಿ ಫೋಲ್ಡರ್‌ಗೆ ಹಾಕಿ. ನುಗೆಟ್‌ಗೆ ಸಾದಾ ಫೋಲ್ಡರ್ ಕೂಡ ಪ್ಯಾಕೇಜ್ ಸಿಗುವ ಜಾಗ, ಅಂದರೆ ಫೀಡ್, ಆಗಬಲ್ಲದು. ಆಮೇಲೆ ಬೇರೆ ತಾತ್ಕಾಲಿಕ ಫೋಲ್ಡರ್‌ನಲ್ಲಿ ಪುಟ್ಟ ಪ್ರಾಜೆಕ್ಟ್ ಒಂದನ್ನು ಬರೆಯಿರಿ. ಒಂದು ಪ್ರಾಜೆಕ್ಟ್ ಫೈಲ್, ಒಂದು ಸಿ ಶಾರ್ಪ್ ಫೈಲ್, ನಿಮ್ಮ ಮಾತುಗಳ ಪಠ್ಯ ಫೈಲ್ ಇದ್ದರೆ ಸಾಕು. ಅದರ ಜೊತೆ ಒಂದು ನುಗೆಟ್ ಕಾನ್ಫಿಗ್ ಇಡಿ. ಅದರಲ್ಲಿ ಕ್ಲಿಯರ್ ಎಂಬ ಸಾಲು ಮೊದಲು ಬರಲಿ. ಇಲ್ಲದಿದ್ದರೆ ಆ ಯಂತ್ರದಲ್ಲಿ ಮೊದಲೇ ಇರುವ ಫೀಡ್‌ಗಳೂ ಸೇರಿಕೊಳ್ಳುತ್ತವೆ. ಕ್ಲಿಯರ್ ಆದ ಮೇಲೆ ನಿಮ್ಮ ಫೋಲ್ಡರ್, ನುಗೆಟ್.ಆರ್ಗ್ ಎರಡನ್ನೇ ಸೇರಿಸಿ. ಕೊನೆಗೆ ಟೆಸ್ಟ್ ಒಳಗಿನಿಂದ ಡಾಟ್‌ನೆಟ್ ಬಿಲ್ಡ್ ಅನ್ನು ಬೇರೆ ಪ್ರಾಸೆಸ್ ಆಗಿ ಓಡಿಸಿ.

ತಾತ್ಕಾಲಿಕ ಫೋಲ್ಡರ್ ಅಂದೆ. ಅದು ನಿಮ್ಮ ರೆಪೊಸಿಟರಿಯ ಒಳಗೆ ಇರುವುದು ಬೇಡ. ಎಂಎಸ್‌ಬಿಲ್ಡ್ 15 ರಿಂದ, ಅಂದರೆ 2017 ರಿಂದ, ಡೈರೆಕ್ಟರಿ.ಬಿಲ್ಡ್.ಪ್ರಾಪ್ಸ್ ಎಂಬ ಫೈಲನ್ನು ಪ್ರಾಜೆಕ್ಟ್ ಇರುವ ಜಾಗದಿಂದ ಮೇಲಕ್ಕೆ ಹುಡುಕುತ್ತಾ ಹೋಗುವ ಪದ್ಧತಿ ಇದೆ. ಮೊದಲು ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತದೆ. ನಿಮ್ಮ ರೆಪೊಸಿಟರಿಯ ಬೇರಿನಲ್ಲಿ ಅದು ಇದ್ದರೆ, ಟೆಸ್ಟ್ ಪ್ರಾಜೆಕ್ಟ್ ಕೂಡ ಅದರ ಸೆಟ್ಟಿಂಗ್‌ಗಳನ್ನು ಕದ್ದು ಬಳಸುತ್ತದೆ. ಬಳಸುವವರ ಹತ್ತಿರ ಆ ಫೈಲ್ ಇರುವುದಿಲ್ಲ. ಟೆಸ್ಟ್ ಹಸಿರು, ಅವರ ಬಿಲ್ಡ್ ಕೆಂಪು. ಒಳಗೇ ಇಡಬೇಕಾದ ಅನಿವಾರ್ಯ ಇದ್ದರೆ ಖಾಲಿ ಡೈರೆಕ್ಟರಿ.ಬಿಲ್ಡ್.ಪ್ರಾಪ್ಸ್, ಖಾಲಿ ಡೈರೆಕ್ಟರಿ.ಬಿಲ್ಡ್.ಟಾರ್ಗೆಟ್ಸ್ ಎರಡನ್ನೂ ಟೆಸ್ಟ್ ಫೋಲ್ಡರ್‌ನಲ್ಲಿ ಹಾಕಿ. ಹುಡುಕಾಟ ಅಲ್ಲೇ ನಿಲ್ಲುತ್ತದೆ.

ಇನ್ನು ಏನನ್ನು ನೋಡಬೇಕು? ಬಿಲ್ಡ್ ಸಕ್ಸೀಡೆಡ್ ಎಂಬ ಸಾಲನ್ನು ನಾನು ಪುರಾವೆ ಎಂದು ಒಪ್ಪುವುದಿಲ್ಲ. ಟಾರ್ಗೆಟ್ ಓಡದೇ ಇದ್ದರೂ ಆ ಸಾಲು ಬರಬಹುದು. ಪುಟ್ಟ ಪ್ರಾಜೆಕ್ಟ್‌ನ ಸಿ ಶಾರ್ಪ್ ಫೈಲ್ ನಿಮ್ಮ ಹುಟ್ಟಿದ ಕ್ಲಾಸನ್ನು ಬಳಸಲಿ. ಬಿಲ್ಡ್ ಆದ ಮೇಲೆ ಆ ಪ್ರೋಗ್ರಾಮನ್ನು ಓಡಿಸಿ. ಅದು "ಟಿಕೆಟ್ ರದ್ದಾಗಿದೆ" ಎಂದು ಕನ್ನಡದಲ್ಲೇ ಬರೆದುಕೊಡಬೇಕು. ಒತ್ತಕ್ಷರ ಮುರಿಯದೆ, ಪ್ರಶ್ನೆ ಚಿಹ್ನೆಗಳಾಗದೆ ಬಂದರೆ ಆಗ ಪಾಸ್ ಅನ್ನಿ. ಓದುವಾಗ, ಬರೆಯುವಾಗ, ಕಂಪೈಲ್ ಆಗುವಾಗ ಎನ್‌ಕೋಡಿಂಗ್ ಎಲ್ಲಿ ಕೆಟ್ಟರೂ ಈ ಒಂದು ಟೆಸ್ಟ್ ಹಿಡಿಯುತ್ತದೆ. ಒಂದು ಸೂಚನೆ: ಪ್ರೋಗ್ರಾಮ್ ಆ ಮಾತನ್ನು ಫೈಲ್‌ಗೆ ಬರೆಯಲಿ, ಟೆಸ್ಟ್ ಅದನ್ನು ಯುಟಿಎಫ್-8 ಎಂದು ಓದಲಿ. ಕನ್ಸೋಲ್ ಮೂಲಕ ಹಾದರೆ ಕನ್ಸೋಲಿನದೇ ತೊಂದರೆ ನಡುವೆ ಬರುತ್ತದೆ.

ಅದೇ ಫೋಲ್ಡರ್‌ನಲ್ಲಿ ಏನೂ ಮುಟ್ಟದೆ ಎರಡನೇ ಸಲ ಬಿಲ್ಡ್ ಮಾಡಿ. ಈ ಸಲ ನಿಮ್ಮ ಟಾರ್ಗೆಟ್ ಓಡಬಾರದು. ಟಾರ್ಗೆಟ್‌ಗೆ ಇನ್‌ಪುಟ್ಸ್, ಔಟ್‌ಪುಟ್ಸ್ ಸರಿಯಾಗಿ ಬರೆದಿದ್ದರೆ ಎಂಎಸ್‌ಬಿಲ್ಡ್ ಸಮಯದ ಗುರುತು ನೋಡಿ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಬರೆಯದಿದ್ದರೆ ಪ್ರತಿ ಸಲವೂ ಹೊಸ ಫೈಲ್, ಪ್ರತಿ ಸಲವೂ ಕಂಪೈಲ್. ನೂರು ಪ್ರಾಜೆಕ್ಟ್ ಇರುವ ಸೊಲ್ಯೂಷನ್‌ನಲ್ಲಿ ಅದರ ಬೆಲೆ ತೆರುವವರು ನಿಮ್ಮ ಸಹೋದ್ಯೋಗಿಗಳು. ಆಮೇಲೆ ಪಠ್ಯ ಫೈಲ್‌ನಲ್ಲಿ ಒಂದು ಮಾತು ಬದಲಿಸಿ ಮೂರನೇ ಸಲ ಬಿಲ್ಡ್ ಮಾಡಿ. ಈಗ ಓಡಲೇಬೇಕು. ಕೊನೆಗೆ ಕ್ಲೀನ್ ಮಾಡಿ, ಹುಟ್ಟಿದ ಫೈಲ್ ಹೋಯಿತೇ ನೋಡಿ. ಹೋಗಬೇಕಾದರೆ ಅದನ್ನು ಬಿಲ್ಡ್ ಬರೆದ ಫೈಲ್‌ಗಳ ಪಟ್ಟಿಗೆ, ಅಂದರೆ ಫೈಲ್‌ರೈಟ್ಸ್ (FileWrites) ಪಟ್ಟಿಗೆ, ಸೇರಿಸಿರಬೇಕು. ಇದನ್ನು ಮರೆಯುವವರು ತುಂಬ ಜನ.

ತಪ್ಪು ಇರುವ ಪಠ್ಯ ಫೈಲ್ ಕೊಟ್ಟೂ ಒಂದು ಟೆಸ್ಟ್ ಇರಲಿ. ಬಿಲ್ಡ್ ಸೋಲಬೇಕು, ಯಾವ ಫೈಲ್, ಎಷ್ಟನೇ ಸಾಲು ಎಂದು ಎರರ್‌ನಲ್ಲಿ ಇರಬೇಕು. ಟಾಸ್ಕ್ ಏನೂ ಹೇಳದೆ ಫಾಲ್ಸ್ ಹಿಂದಿರುಗಿಸಿದರೆ ಎಂಎಸ್‌ಬಿ4181 ಎಂಬ ಎರರ್ ಬರುತ್ತದೆ. ಟಾಸ್ಕ್ ಸೋತಿತು, ಯಾಕೆ ಎಂದು ಹೇಳಲಿಲ್ಲ ಎನ್ನುವುದು ಅದರ ಅರ್ಥ. ನಿಮ್ಮ ಬಳಕೆದಾರರು ಆ ನಂಬರ್ ನೋಡುವ ಸ್ಥಿತಿ ಬರಬಾರದು.

ಪ್ರಶ್ನೆ: ನೀವು ಹೇಳುವಂಥ ಟೆಸ್ಟ್‌ಗಳು ನಮ್ಮಲ್ಲಿ ಇವೆ. ಆದರೆ ಟಾರ್ಗೆಟ್ಸ್ ಫೈಲ್‌ನಲ್ಲಿ ಏನು ಬದಲಿಸಿದರೂ ಟೆಸ್ಟ್‌ನಲ್ಲಿ ಹಳೆಯದೇ ಓಡುತ್ತದೆ. ಕೆಲವೊಮ್ಮೆ ವಿಂಡೋಸ್‌ನಲ್ಲಿ ಡಿಎಲ್‌ಎಲ್ ಲಾಕ್ ಆಗಿದೆ ಎಂದು ಪ್ಯಾಕ್ ಮಾಡಲೂ ಆಗುವುದಿಲ್ಲ. ಯಂತ್ರ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ.
— ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆ ಸೇರಿಕೊಂಡಿವೆ, ಬೇರೆ ಮಾಡೋಣ.

ಹಳೆಯದು ಓಡುವುದು ನುಗೆಟ್‌ನ ಕ್ಯಾಶ್‌ನಿಂದ. ನಿಮ್ಮ ಹೋಮ್ ಫೋಲ್ಡರ್ ಒಳಗೆ .ನುಗೆಟ್/ಪ್ಯಾಕೇಜಸ್ ಎಂಬ ಜಾಗದಲ್ಲಿ ಪ್ರತಿ ಪ್ಯಾಕೇಜಿನ ಪ್ರತಿ ವರ್ಷನ್ ಬಿಚ್ಚಿಟ್ಟಿರುತ್ತದೆ. 1.0.0 ಒಮ್ಮೆ ಅಲ್ಲಿ ಇದ್ದರೆ, ನಿಮ್ಮ ಫೀಡ್‌ನಲ್ಲಿ ಹೊಸ 1.0.0 ಇಟ್ಟರೂ ನುಗೆಟ್ ಅದನ್ನು ತಿರುಗಿ ನೋಡುವುದಿಲ್ಲ. ಒಂದು ವರ್ಷನ್ ಎಂದರೆ ಎಂದೆಂದಿಗೂ ಒಂದೇ ವಸ್ತು ಎಂದು ಅದು ನಂಬುತ್ತದೆ. ಆ ನಂಬಿಕೆ ಸರಿಯಾದದ್ದೇ. ಹಾಗಾಗಿ ನಾವು ಅದಕ್ಕೆ ಹೊಂದಿಕೊಳ್ಳಬೇಕು.

ಎರಡು ಉಪಾಯ ಇವೆ, ನಾನು ಎರಡನ್ನೂ ಒಟ್ಟಿಗೆ ಬಳಸುತ್ತೇನೆ. ಪ್ರತಿ ಸಲ ಪ್ಯಾಕ್ ಮಾಡುವಾಗ ವರ್ಷನ್‌ನ ಬಾಲಕ್ಕೆ ಸಮಯ ಸೇರಿಸುತ್ತೇನೆ. ಟೆಸ್ಟ್ ಪ್ರಾಜೆಕ್ಟ್ ಆ ಪೂರ್ತಿ ವರ್ಷನನ್ನೇ ಕೇಳುತ್ತದೆ, ನಕ್ಷತ್ರ ಹಾಕಿ ಯಾವುದಾದರೂ ಕೊಡು ಎಂದು ಕೇಳುವುದಿಲ್ಲ. ಜೊತೆಗೆ ನುಗೆಟ್_ಪ್ಯಾಕೇಜಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಕೊಟ್ಟು, ಟೆಸ್ಟ್‌ಗಳಿಗೆ ಬೇರೆಯದೇ ಪ್ಯಾಕೇಜ್ ಫೋಲ್ಡರ್ ಮಾಡಿಕೊಡುತ್ತೇನೆ. ಆಗ ನನ್ನ ಹೋಮ್ ಫೋಲ್ಡರ್‌ನಲ್ಲಿ ಕಸ ತುಂಬುವುದಿಲ್ಲ. ಪ್ರತಿ ಟೆಸ್ಟ್‌ಗೂ ಹೊಸ ಫೋಲ್ಡರ್ ಬೇಡ, ಎಲ್ಲವನ್ನೂ ಮತ್ತೆ ಮತ್ತೆ ಡೌನ್‌ಲೋಡ್ ಮಾಡಬೇಕಾಗುತ್ತದೆ. ಇಡೀ ಓಟಕ್ಕೆ ಒಂದು ಸಾಕು.

ಡಿಎಲ್‌ಎಲ್ ಲಾಕ್ ಆಗುವುದು ಎಂಎಸ್‌ಬಿಲ್ಡ್‌ನಿಂದ. ಬಿಲ್ಡ್ ಮುಗಿದ ಮೇಲೂ ಅದರ ಕೆಲಸದ ಪ್ರಾಸೆಸ್‌ಗಳು ಸ್ವಲ್ಪ ಹೊತ್ತು ಜೀವಂತ ಇರುತ್ತವೆ, ಮುಂದಿನ ಬಿಲ್ಡ್ ಬೇಗ ಆಗಲಿ ಎಂದು. ನಿಮ್ಮ ಟಾಸ್ಕ್ ಡಿಎಲ್‌ಎಲ್ ಅವುಗಳ ಹಿಡಿತದಲ್ಲಿ ಉಳಿಯುತ್ತದೆ. ಟೆಸ್ಟ್ ಓಡಿಸುವಾಗ ನೋಡ್‌ರಿಯೂಸ್ ಫಾಲ್ಸ್ ಎಂದು ಕೊಡಿ, ಅಥವಾ ಎಂಎಸ್‌ಬಿಲ್ಡ್‌ಡಿಸೇಬಲ್‌ನೋಡ್‌ರಿಯೂಸ್ ಎಂಬ ವೇರಿಯಬಲ್‌ಗೆ 1 ಕೊಡಿ. ರೀಸ್ಟಾರ್ಟ್ ಬೇಡ.

ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ, ಮುಂದೆ ಎಡವುವ ಕಲ್ಲು ಅದೇ. ನಿಮ್ಮ ಟೆಸ್ಟ್‌ಗಳು ಡಾಟ್‌ನೆಟ್ ಟೆಸ್ಟ್ ಒಳಗೆ ಓಡುತ್ತವೆ. ಅದು ತನ್ನ ಎಸ್‌ಡಿಕೆ (ಡಾಟ್‌ನೆಟ್‌ನ ಬಿಲ್ಡ್ ಸಾಧನಗಳ ಕಟ್ಟು) ಎಲ್ಲಿದೆ ಎಂಬುದನ್ನು ಎಂಎಸ್‌ಬಿಲ್ಡ್‌ಎಸ್‌ಡಿಕೆಸ್‌ಪಾತ್ ಮುಂತಾದ ವೇರಿಯಬಲ್‌ಗಳಲ್ಲಿ ಇಟ್ಟಿರುತ್ತದೆ. ನೀವು ಒಳಗಿನಿಂದ ಹುಟ್ಟಿಸುವ ಬಿಲ್ಡ್‌ಗೂ ಅವು ಅಂಟಿಕೊಂಡು ಹೋಗುತ್ತವೆ. ಗ್ಲೋಬಲ್.ಜೇಸನ್ ಹಾಕಿ ಬೇರೆ ಎಸ್‌ಡಿಕೆ ಕೇಳಿದ ಟೆಸ್ಟ್‌ನಲ್ಲಿ ಅರ್ಧ ಹಳೆಯದು, ಅರ್ಧ ಹೊಸದು ಸೇರಿ ವಿಚಿತ್ರ ಎರರ್ ಬರುತ್ತದೆ. ಮಗು ಪ್ರಾಸೆಸ್ ಹುಟ್ಟಿಸುವ ಮೊದಲು ಎಂಎಸ್‌ಬಿಲ್ಡ್ ಎಂದು ಶುರುವಾಗುವ ವೇರಿಯಬಲ್‌ಗಳನ್ನೆಲ್ಲ ತೆಗೆದುಹಾಕಿ. ನೋಡ್‌ರಿಯೂಸ್‌ನದು ಮಾತ್ರ ಆಮೇಲೆ ನೀವೇ ಹಾಕಿ.

ಪ್ರಶ್ನೆ: ಮ್ಯೂನಿಕ್‌ನಲ್ಲಿದ್ದೇನೆ. ಬೆಂಗಳೂರಿನ ತಂಡ ಮಾಡಿದ ಬಿಲ್ಡ್ ಪ್ಯಾಕೇಜ್ ನಮ್ಮಲ್ಲಿ ಕಮಾಂಡ್ ಲೈನ್‌ನಲ್ಲಿ ಓಡುತ್ತದೆ, ವಿಷುವಲ್ ಸ್ಟುಡಿಯೋದಲ್ಲಿ ಓಡುವುದಿಲ್ಲ. ಅದು ಬರೆಯುವ ಕೋಡ್‌ನಲ್ಲಿ 1.5 ಇರಬೇಕಾದ ಕಡೆ 1,5 ಬರುತ್ತದೆ. ಅವರ ಟೆಸ್ಟ್‌ಗಳನ್ನು ಇಲ್ಲಿ ಓಡಿಸಿದರೆ ಅರ್ಧ ಫೇಲ್. ಅಲ್ಲಿ ಎಲ್ಲ ಪಾಸ್ ಅಂತಾರೆ.
— ಓದುಗರು, ಮ್ಯೂನಿಕ್

ಉತ್ತರ: ಅವರು ಹೇಳುವುದೂ ನಿಜ, ನೀವು ಹೇಳುವುದೂ ನಿಜ. ಜರ್ಮನ್ ಸೆಟ್ಟಿಂಗ್ ಇರುವ ಯಂತ್ರದಲ್ಲಿ ದಶಮಾಂಶಕ್ಕೆ ಅಲ್ಪವಿರಾಮ ಬರುತ್ತದೆ. ಕನ್ನಡ ಸೆಟ್ಟಿಂಗ್‌ನಲ್ಲೂ ಭಾರತದ ಇಂಗ್ಲಿಷ್ ಸೆಟ್ಟಿಂಗ್‌ನಲ್ಲೂ ಚುಕ್ಕಿಯೇ. ಹಾಗಾಗಿ ಬೆಂಗಳೂರಿನ ಯಾವ ಮೇಜಿನ ಮೇಲೂ ಈ ತಪ್ಪು ಕಾಣಿಸಿಕೊಳ್ಳುವುದಿಲ್ಲ. ಕೋಡ್ ಬರೆಯುವ ಟಾಸ್ಕ್ ಸಂಖ್ಯೆಯನ್ನು ಅಕ್ಷರ ಮಾಡುವಾಗ ಇನ್‌ವೇರಿಯಂಟ್ ಕಲ್ಚರ್ (ಯಾವ ದೇಶದ ಯಂತ್ರದಲ್ಲೂ ಬದಲಾಗದ ಸೆಟ್ಟಿಂಗ್) ಕೊಡಲೇಬೇಕು. ಅವರ ಟೆಸ್ಟ್‌ಗಳಲ್ಲಿ ಒಂದು ಓಟ ಜರ್ಮನ್ ಕಲ್ಚರ್‌ನಲ್ಲಿ ಇರಲಿ. ಬೇರೆ ದೇಶಕ್ಕೆ ಪ್ಯಾಕೇಜ್ ಕೊಡುವ ಯಾವ ತಂಡಕ್ಕೂ ಇದನ್ನು ನಾನು ಕಡ್ಡಾಯ ಅನ್ನುತ್ತೇನೆ.

ನಿಮ್ಮಲ್ಲಿ ಟೆಸ್ಟ್ ಫೇಲ್ ಆಗಲು ಇನ್ನೊಂದು ಕಾರಣವೂ ಇರಬಹುದು. ಬಿಲ್ಡ್‌ನ ಸಂದೇಶಗಳು ನಿಮ್ಮ ಯಂತ್ರದಲ್ಲಿ ಜರ್ಮನ್‌ನಲ್ಲಿ ಬರುತ್ತವೆ. ಟೆಸ್ಟ್ ಇಂಗ್ಲಿಷ್ ಸಾಲು ಹುಡುಕುತ್ತಿದ್ದರೆ ಸಿಗುವುದಿಲ್ಲ. ಎರರ್ ನಂಬರ್ ಹುಡುಕುವಂತೆ ಬರೆದರೆ ಭಾಷೆಯ ಗೊಡವೆಯೇ ಇಲ್ಲ.

ವಿಷುವಲ್ ಸ್ಟುಡಿಯೋದ ವಿಷಯ ಬೇರೆ. ಡಾಟ್‌ನೆಟ್ ಬಿಲ್ಡ್ ಕಮಾಂಡ್‌ನಲ್ಲಿ ಎಂಎಸ್‌ಬಿಲ್ಡ್ ಓಡುವುದು ಹೊಸ ಡಾಟ್‌ನೆಟ್ ಮೇಲೆ. ವಿಷುವಲ್ ಸ್ಟುಡಿಯೋ 2022 ರ ಒಳಗೆ ಅದು ಓಡುವುದು ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್ ಮೇಲೆ. ಟಾಸ್ಕ್ ಡಿಎಲ್‌ಎಲ್ ಅನ್ನು ಡಾಟ್‌ನೆಟ್ 8 ಕ್ಕೆ ಮಾತ್ರ ಕಟ್ಟಿದ್ದರೆ ಎರಡನೆಯದಕ್ಕೆ ಅದನ್ನು ಲೋಡ್ ಮಾಡಲು ಬರುವುದಿಲ್ಲ. ಡಾಟ್‌ನೆಟ್ ಸ್ಟ್ಯಾಂಡರ್ಡ್ 2.0 ಕ್ಕೆ ಕಟ್ಟಿದರೆ ಎರಡೂ ಕಡೆ ನಡೆಯುತ್ತದೆ. ಇಲ್ಲವೇ ಎರಡು ಡಿಎಲ್‌ಎಲ್ ಇಟ್ಟು, ಎಂಎಸ್‌ಬಿಲ್ಡ್‌ರನ್‌ಟೈಮ್‌ಟೈಪ್ ಎಂಬ ಪ್ರಾಪರ್ಟಿಯ ಬೆಲೆ ಕೋರ್ ಇದ್ದರೆ ಒಂದು, ಫುಲ್ ಇದ್ದರೆ ಇನ್ನೊಂದು ಎಂದು ಆರಿಸಬಹುದು. ಟಾಸ್ಕ್ ಬಳಸುವ ಬೇರೆ ಲೈಬ್ರರಿಗಳೂ ಅದೇ ಫೋಲ್ಡರ್‌ನಲ್ಲಿ ಪ್ಯಾಕ್ ಆಗಬೇಕು. ಅವು ನುಗೆಟ್ ಡಿಪೆಂಡೆನ್ಸಿ ಎಂದು ಬರೆದಿದ್ದರೆ ಸಾಲದು.

ಟೆಸ್ಟ್‌ನಲ್ಲಿ ಇದರ ಅರ್ಥ ಸರಳ. ವಿಂಡೋಸ್ ಯಂತ್ರದಲ್ಲಿ ಅದೇ ಪುಟ್ಟ ಪ್ರಾಜೆಕ್ಟನ್ನು ಡಾಟ್‌ನೆಟ್ ಬಿಲ್ಡ್‌ನಿಂದ ಒಮ್ಮೆ, ಎಂಎಸ್‌ಬಿಲ್ಡ್.ಇಎಕ್ಸ್‌ಇ ಇಂದ ಒಮ್ಮೆ ಓಡಿಸಬೇಕು. ಎರಡನೆಯದಕ್ಕೆ ರಿಸ್ಟೋರ್ ಸ್ವಿಚ್ ಕೊಡಿ. ರಿಸ್ಟೋರ್, ಬಿಲ್ಡ್ ಎರಡನ್ನೂ ಒಂದೇ ಟಾರ್ಗೆಟ್ ಪಟ್ಟಿಯಲ್ಲಿ ಕೊಟ್ಟರೆ, ರಿಸ್ಟೋರ್ ಬರೆದ ಹೊಸ ಇಂಪೋರ್ಟ್‌ಗಳನ್ನು ಓದದೆಯೇ ಬಿಲ್ಡ್ ಶುರುವಾಗಬಹುದು. ಸ್ವಿಚ್ ಕೊಟ್ಟರೆ ಪ್ರಾಜೆಕ್ಟನ್ನು ಮತ್ತೆ ಓದಿಯೇ ಮುಂದೆ ಹೋಗುತ್ತದೆ.

ಪ್ರಶ್ನೆ: ನಮ್ಮದು ಜಾವಾ. ಅದರ ಬಿಲ್ಡ್ ಸಾಧನವಾದ ಗ್ರೇಡಲ್‌ಗೆ ಪ್ಲಗಿನ್ ಬರೆಯುತ್ತೇವೆ. ಇನ್ನೊಂದು ಬಿಲ್ಡ್ ಸಾಧನವಾದ ಮಾವೆನ್‌ಗೆ ಒಂದು ಪ್ಲಗಿನ್ ಕೂಡ ಇದೆ. ಇದೇ ವಿಧಾನ ನಮಗೂ ಆಗುತ್ತದೆಯೇ?
— ಓದುಗರು, ಮಂಗಳೂರು

ಉತ್ತರ: ಆಗುತ್ತದೆ, ನಿಮ್ಮ ಕೆಲಸ ಇನ್ನೂ ಸುಲಭ. ಗ್ರೇಡಲ್‌ನಲ್ಲಿ ಟೆಸ್ಟ್‌ಕಿಟ್ ಅಂತ ಜೊತೆಯಲ್ಲೇ ಬರುತ್ತದೆ. ತಾತ್ಕಾಲಿಕ ಫೋಲ್ಡರ್‌ನಲ್ಲಿ ಬಿಲ್ಡ್ ಫೈಲ್ ಬರೆದು ಗ್ರೇಡಲ್‌ರನ್ನರ್‌ಗೆ ಕೊಟ್ಟರೆ ನಿಜವಾದ ಬಿಲ್ಡನ್ನೇ ಓಡಿಸುತ್ತದೆ. ಪ್ರತಿ ಟಾಸ್ಕ್‌ನ ಫಲಿತಾಂಶವನ್ನೂ ಕೇಳಬಹುದು: ಸಕ್ಸೆಸ್, ಅಪ್ ಟು ಡೇಟ್, ಫ್ರಮ್ ಕ್ಯಾಶ್ ಹೀಗೆ. ಮೇಲೆ ಹೇಳಿದ ಎರಡನೇ ಬಿಲ್ಡ್‌ನ ಟೆಸ್ಟ್ ನಿಮಗೆ ಒಂದೇ ಸಾಲು. ಬೇಕಾದ ಗ್ರೇಡಲ್ ವರ್ಷನ್ ಹೇಳಿದರೆ ಅದರಲ್ಲೇ ಓಡಿಸುತ್ತದೆ. ಕಾನ್ಫಿಗರೇಷನ್ ಕ್ಯಾಶ್ (ಬಿಲ್ಡ್‌ನ ಸಿದ್ಧತೆಯನ್ನು ಉಳಿಸಿಟ್ಟು ಮತ್ತೆ ಬಳಸುವುದು) ಆನ್ ಮಾಡಿಯೂ ಓಡಿಸಿ. 2023 ರಲ್ಲಿ ಬಂದ ಗ್ರೇಡಲ್ 8.1 ರಿಂದ ಅದು ಸ್ಥಿರ ಎಂದು ಘೋಷಣೆಯಾಗಿದೆ, ಬಳಸುವವರು ಹೆಚ್ಚುತ್ತಿದ್ದಾರೆ.

ಒಂದೇ ಎಚ್ಚರಿಕೆ. ವಿತ್‌ಪ್ಲಗಿನ್‌ಕ್ಲಾಸ್‌ಪಾತ್ ಬಳಸಿದರೆ ನಿಮ್ಮ ಕ್ಲಾಸ್‌ಗಳು ನೇರವಾಗಿ ಟೆಸ್ಟ್‌ಗೆ ಹೋಗುತ್ತವೆ. ಪಬ್ಲಿಷ್ ಆದ ಜಾರ್ (ಜಾವಾ ಪ್ಯಾಕೇಜ್ ಫೈಲ್), ಅದರ ವಿವರ ಇರುವ ಪಾಮ್ ಫೈಲ್, ಪ್ಲಗಿನ್ ಐಡಿಯಿಂದ ಅದನ್ನು ಹುಡುಕಿಕೊಡುವ ಮಾರ್ಕರ್ ಇವ್ಯಾವುವೂ ಓಡುವುದಿಲ್ಲ. ದಿನದ ಕೆಲಸಕ್ಕೆ ಅದು ಪರವಾಗಿಲ್ಲ, ಬೇಗ ಆಗುತ್ತದೆ. ಆದರೆ ಒಂದೆರಡು ಟೆಸ್ಟ್‌ಗಳಾದರೂ ಪ್ಲಗಿನನ್ನು ಸ್ಥಳೀಯ ಮಾವೆನ್ ರೆಪೊಸಿಟರಿಗೆ ಪಬ್ಲಿಷ್ ಮಾಡಿ, ಅಲ್ಲಿಂದ ಐಡಿ ಹೇಳಿ ತರಿಸಿಕೊಳ್ಳಲಿ.

ಮಾವೆನ್‌ಗೆ ಇನ್‌ವೋಕರ್ ಪ್ಲಗಿನ್ ಇದೆ. ಎಸ್‌ಆರ್‌ಸಿ/ಐಟಿ ಫೋಲ್ಡರ್ ಒಳಗೆ ಒಂದೊಂದು ಪುಟ್ಟ ಪ್ರಾಜೆಕ್ಟ್ ಇಡಿ. ಓಡಿದ ಮೇಲೆ ನೋಡಬೇಕಾದ್ದನ್ನು ವೆರಿಫೈ.ಗ್ರೂವಿಯಲ್ಲಿ ಬರೆಯಿರಿ. ಅದರ ರೆಪೊಸಿಟರಿಯನ್ನು ಟಾರ್ಗೆಟ್ ಫೋಲ್ಡರ್ ಒಳಗೆ ಇಟ್ಟುಕೊಳ್ಳಲು ಹೇಳಿ, ಆಗ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಮಾವೆನ್ ಇಡುವ ಸಂಗ್ರಹ, .ಎಂ2, ಕೆಡುವುದಿಲ್ಲ.

ಪ್ರಶ್ನೆ: ಈ ಟೆಸ್ಟ್‌ಗಳು ತುಂಬ ನಿಧಾನ. ಪ್ರತಿಯೊಂದೂ ಪೂರ್ತಿ ಬಿಲ್ಡ್. ಎಷ್ಟು ಬರೆದರೆ ಸಾಕು? ಎಲ್ಲ ಎಸ್‌ಡಿಕೆ, ಎಲ್ಲ ಓಎಸ್ ಮೇಲೆ ಓಡಿಸಬೇಕೆ? ಫೇಲ್ ಆದಾಗ ಲಾಗ್ ಓದುವುದೇ ಒಂದು ದಿನದ ಕೆಲಸ.
— ಓದುಗರು, ಶಿವಮೊಗ್ಗ

ಉತ್ತರ: ಪಠ್ಯ ಫೈಲ್ ಓದುವುದು, ಕೋಡ್ ಕಟ್ಟುವುದು ಇಂಥ ತರ್ಕವೆಲ್ಲ ಯೂನಿಟ್ ಟೆಸ್ಟ್‌ಗೆ ಬಿಡಿ. ಅಲ್ಲಿ ನೂರಾರು ಇರಲಿ. ಪೂರ್ತಿ ಬಿಲ್ಡ್ ಬೇಕಾಗುವುದು ಎಂಎಸ್‌ಬಿಲ್ಡ್ ಮತ್ತು ನುಗೆಟ್ ನಿಮ್ಮನ್ನು ಹೇಗೆ ಕಾಣುತ್ತವೆ ಎನ್ನುವುದಕ್ಕೆ ಮಾತ್ರ. ಅದಕ್ಕೆ ಒಂದು ಡಜನ್ ಪುಟ್ಟ ಪ್ರಾಜೆಕ್ಟ್ ದಾಟುವುದು ಅಪರೂಪ. ಒಂದೇ ಫ್ರೇಮ್‌ವರ್ಕ್‌ನದು, ಹಲವು ಫ್ರೇಮ್‌ವರ್ಕ್‌ನದು, ಇನ್ನೊಂದು ಲೈಬ್ರರಿ ಮೂಲಕ ಬರುವುದು, ಎರಡನೇ ಬಿಲ್ಡ್, ಕ್ಲೀನ್, ತಪ್ಪು ಇನ್‌ಪುಟ್, ಪ್ಯಾಕೇಜ್ ತೆಗೆದುಹಾಕಿದ ಮೇಲಿನ ಬಿಲ್ಡ್. ಕೊನೆಯದನ್ನು ಬಿಡಬೇಡಿ. ತೆಗೆದ ಮೇಲೂ ಹಳೆಯ ಹುಟ್ಟಿದ ಫೈಲ್ ಪ್ರಾಜೆಕ್ಟ್‌ನಲ್ಲಿ ಉಳಿದು ಕಂಪೈಲ್ ಆಗುತ್ತಿರುವ ಉದಾಹರಣೆಗಳನ್ನು ಕಂಡಿದ್ದೇನೆ. ಫೈಲನ್ನು ಆಬ್ಜ್ ಒಳಗೆ ಹುಟ್ಟಿಸಿದರೆ ಆ ತೊಂದರೆ ಇರುವುದಿಲ್ಲ.

ಎಸ್‌ಡಿಕೆಗಳಲ್ಲಿ ನೀವು ಬೆಂಬಲಿಸುತ್ತೇವೆ ಎಂದು ಬರೆದ ಅತಿ ಹಳೆಯದು ಒಂದು, ಅತಿ ಹೊಸದು ಒಂದು ತೆಗೆದುಕೊಳ್ಳಿ. ಪ್ರತಿ ಬದಲಾವಣೆಗೂ ಅವೆರಡು ಸಾಕು. ನಡುವಿನವು ರಾತ್ರಿ ಓಡಲಿ. ಓಎಸ್‌ನಲ್ಲಿ ಮಾತ್ರ ಕಂಜೂಸು ಮಾಡಬೇಡಿ, ವಿಂಡೋಸ್, ಲಿನಕ್ಸ್ ಎರಡೂ ಬೇಕು. ಟಾರ್ಗೆಟ್ಸ್ ಒಳಗೆ ಫೋಲ್ಡರ್ ಹೆಸರಿನಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಅದಲು ಬದಲಾದರೆ ವಿಂಡೋಸ್ ಕ್ಷಮಿಸುತ್ತದೆ, ಲಿನಕ್ಸ್ ಕ್ಷಮಿಸುವುದಿಲ್ಲ. ಹಾಗೆಯೇ ಒಂದು ಪ್ರಾಜೆಕ್ಟನ್ನು ನಡುವೆ ಖಾಲಿ ಜಾಗ ಇರುವ, ಕನ್ನಡ ಅಕ್ಷರಗಳ ಫೋಲ್ಡರ್‌ನಲ್ಲಿ ಇಡಿ. "ನನ್ನ ಕೆಲಸ" ಎಂಬ ಫೋಲ್ಡರ್ ಸಾಕು. ಎಕ್ಸೆಕ್ ಟಾಸ್ಕ್‌ನಿಂದ ಹೊರಗಿನ ಪ್ರೋಗ್ರಾಮ್ ಕರೆಯುವ ಪ್ಯಾಕೇಜ್‌ಗಳು ಉದ್ಧರಣ ಚಿಹ್ನೆ ಹಾಕದೆ ಫೈಲಿನ ಪಾತ್ ಕೊಟ್ಟಿರುತ್ತವೆ, ಅಲ್ಲಿ ಮೊದಲು ಮುರಿಯುತ್ತವೆ. ನಮ್ಮ ಜನ ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್‌ಗಳಲ್ಲಿ ಕೆಲಸ ಮಾಡಬಾರದು ಎನ್ನುವುದಕ್ಕೆ ಯಾವ ಕಾರಣವೂ ಇಲ್ಲ. ಅದು ಓಡುವಂತೆ ನೋಡಿಕೊಳ್ಳುವುದು ನಮ್ಮದೇ ಹೊಣೆ.

ಲಾಗ್‌ಗೆ ಉಪಾಯ: ಪ್ರತಿ ಬಿಲ್ಡ್‌ಗೂ ಬಿಎಲ್ ಸ್ವಿಚ್ ಕೊಟ್ಟು ಬೈನರಿ ಲಾಗ್ ತೆಗೆಯಿರಿ. ಫೇಲ್ ಆದರೆ ಸಿಐ (ಪ್ರತಿ ಬದಲಾವಣೆಗೂ ತಾನಾಗಿಯೇ ಬಿಲ್ಡ್, ಟೆಸ್ಟ್ ಓಡಿಸುವ ವ್ಯವಸ್ಥೆ) ಅದನ್ನು ಉಳಿಸಿಡಲಿ. ಸ್ಟ್ರಕ್ಚರ್ಡ್ ಲಾಗ್ ವ್ಯೂವರ್‌ನಲ್ಲಿ ತೆರೆದರೆ ಯಾವ ಟಾರ್ಗೆಟ್ ಯಾಕೆ ಓಡಿತು, ಯಾವ ಪ್ರಾಪರ್ಟಿಗೆ ಏನು ಬೆಲೆ ಬಂತು ಎಲ್ಲ ಹುಡುಕಬಹುದು. ಆ ಫೈಲ್ ಒಳಗೆ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳೂ ಸೇರಬಹುದು, ಪಾಸ್‌ವರ್ಡ್, ಟೋಕನ್ ಇರುವ ಕಡೆಯಿಂದ ಬಂದದ್ದನ್ನು ಯಾರಿಗೂ ಸುಮ್ನೆ ಕಳಿಸಬೇಡಿ. ಟೆಸ್ಟ್ ಪ್ರಾಜೆಕ್ಟ್‌ಗಳನ್ನು ಕೈಯಲ್ಲಿ ಬರೆದು ಸಾಕಾಗಿದ್ದರೆ ಮೈಕ್ರೋಸಾಫ್ಟ್‌ನವರ ಎಂಎಸ್‌ಬಿಲ್ಡ್.ಪ್ರಾಜೆಕ್ಟ್‌ಕ್ರಿಯೇಷನ್ ಪ್ಯಾಕೇಜ್ ನೋಡಿ.

ಪ್ರಶ್ನೆ: ಬಿಲ್ಡ್ ಸಮಯದಲ್ಲಿ ಓಡುವ ಪ್ಯಾಕೇಜ್ ಏನು ಬೇಕಾದರೂ ಮಾಡಬಹುದಲ್ವಾ? ನಮ್ಮ ಪ್ಯಾಕೇಜ್ ಮೇಲೆ ಬಳಸುವವರು ಹೇಗೆ ನಂಬಿಕೆ ಇಡಬೇಕು? ಟೆಸ್ಟ್ ಇದಕ್ಕೆ ಸಹಾಯ ಮಾಡುತ್ತದೆಯೇ?
— ಓದುಗರು, ಧಾರವಾಡ

ಉತ್ತರ: ಹೌದು, ಏನು ಬೇಕಾದರೂ ಮಾಡಬಹುದು. 2024 ರ ಮಾರ್ಚ್ 29 ರಂದು ಹೊರಬಿದ್ದ ಎಕ್ಸ್‌ಜೆಡ್ ಪ್ರಕರಣ ನೋಡಿ. ಲಿನಕ್ಸ್‌ನಲ್ಲಿ ಎಲ್ಲೆಡೆ ಇರುವ ಆ ಕಂಪ್ರೆಷನ್ ಸಾಫ್ಟ್‌ವೇರಿನ 5.6.0, 5.6.1 ವರ್ಷನ್‌ಗಳಲ್ಲಿ ಹಿಂಬಾಗಿಲು ಸೇರಿಸಿದ್ದರು. ಅದನ್ನು ಎಬ್ಬಿಸುವ ಸಾಲುಗಳು ಬಿಲ್ಡ್-ಟು-ಹೋಸ್ಟ್.ಎಂ4 ಎಂಬ ಬಿಲ್ಡ್ ಫೈಲ್‌ನಲ್ಲಿದ್ದವು. ಆ ಫೈಲ್ ಬಿಡುಗಡೆಯ ಟಾರ್ ಫೈಲ್ ಒಳಗೆ ಇತ್ತು, ಗಿಟ್ ರೆಪೊಸಿಟರಿಯಲ್ಲಿ ಇರಲಿಲ್ಲ. ವಿಷದ ಉಳಿದ ಭಾಗ ಟೆಸ್ಟ್‌ಗೆಂದು ಇಟ್ಟ ಕಂಪ್ರೆಸ್ಡ್ ಫೈಲ್‌ಗಳ ವೇಷದಲ್ಲಿತ್ತು. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಹೋಗುವ) ಲಾಗಿನ್ ಅರ್ಧ ಸೆಕೆಂಡ್‌ನಷ್ಟು ನಿಧಾನವಾದದ್ದನ್ನು ಬೆನ್ನುಹತ್ತಿ ಇದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಗಿಟ್‌ನಲ್ಲಿರುವ ಕೋಡನ್ನು ಎಷ್ಟೇ ಓದಿದರೂ, ಎಷ್ಟೇ ಟೆಸ್ಟ್ ಮಾಡಿದರೂ ಆ ಎಂ4 ಸಾಲುಗಳು ಸಿಗುತ್ತಿರಲಿಲ್ಲ.

ನಿಮ್ಮ ಕೈಯಲ್ಲಿ ಇರುವುದು ಇಷ್ಟು. ನುಪ್ಯಾಕೇಜ್ ಎಂದರೆ ಜಿಪ್ ಫೈಲ್ ಅಷ್ಟೇ. ಅದನ್ನು ತೆರೆದು ಒಳಗಿನ ಫೈಲ್‌ಗಳ ಪಟ್ಟಿಯನ್ನು ರೆಪೊಸಿಟರಿಯಲ್ಲಿ ಇಟ್ಟ ಪಟ್ಟಿಯ ಜೊತೆ ಹೋಲಿಸುವ ಟೆಸ್ಟ್ ಬರೆಯಿರಿ. ಒಂದು ಹೊಸ ಫೈಲ್ ಸೇರಿದರೂ ಟೆಸ್ಟ್ ಫೇಲ್ ಆಗಬೇಕು, ಯಾರಾದರೂ ಆ ಪಟ್ಟಿಯನ್ನು ಕೈಯಾರೆ ತಿದ್ದಿ, ಇನ್ನೊಬ್ಬರು ಅದನ್ನು ನೋಡಿ ಒಪ್ಪಬೇಕು. ಯಾವ ಫೈಲ್ ಪ್ಯಾಕೇಜಿನಿಂದ ಬಿಟ್ಟುಹೋದರೂ ಇದೇ ಟೆಸ್ಟ್ ಹಿಡಿಯುತ್ತದೆ. ಮೈಸೂರಿನ ಓದುಗರೂ ಇದನ್ನು ಸೇರಿಸಿಕೊಳ್ಳಬಹುದು.

ಪ್ಯಾಕ್ ಮಾಡುವುದು ಯಾರದೋ ಲ್ಯಾಪ್‌ಟಾಪ್‌ನಲ್ಲಿ ಬೇಡ. ಸಿಐನಲ್ಲಿ ಹೊಸದಾಗಿ ಕೋಡ್ ತೆಗೆದು ಒಮ್ಮೆ ಪ್ಯಾಕ್ ಮಾಡಿ, ಆ ಫೈಲನ್ನೇ ಎಲ್ಲ ಟೆಸ್ಟ್‌ಗಳಿಗೂ ಕೊಡಿ, ಪಾಸ್ ಆದರೆ ಅದನ್ನೇ ಪಬ್ಲಿಷ್ ಮಾಡಿ. ಟೆಸ್ಟ್ ಆದ ಮೇಲೆ ವರ್ಷನ್ ಬದಲಿಸಿ ಮತ್ತೆ ಪ್ಯಾಕ್ ಮಾಡುವ ಪದ್ಧತಿ ಹಲವು ಕಡೆ ಇದೆ. ಆಗ ಹೊರಗೆ ಹೋಗುವುದು ಯಾರೂ ಟೆಸ್ಟ್ ಮಾಡದ ಫೈಲ್. ಪಬ್ಲಿಷ್ ಆದ ಮೇಲೆ ಅಲ್ಲಿಂದ ಇಳಿಸಿಕೊಂಡು ನಿಮ್ಮದರ ಜೊತೆ ಹೋಲಿಸಿ. ನುಗೆಟ್.ಆರ್ಗ್ ತನ್ನ ಸಹಿಯನ್ನು ಪ್ಯಾಕೇಜ್ ಒಳಗೆ ಸೇರಿಸುವುದರಿಂದ ಪೂರ್ತಿ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಹೊಂದುವುದಿಲ್ಲ. .ಸಿಗ್ನೇಚರ್.ಪಿ7ಎಸ್ ಎಂಬ ಆ ಸಹಿ ಫೈಲನ್ನು ಬಿಟ್ಟು, ಒಳಗಿನ ಫೈಲ್‌ಗಳನ್ನು ಒಂದೊಂದಾಗಿ ಹೋಲಿಸಿ ನೋಡಿ.